ಮೋಟಾರಿನ ಕೀಲಿಕೈ ಮುರಿದಾಗ

ನಮ್ಮ ಊರ ಮನೆಯಲ್ಲಿ ಅಜ್ಜಿಯ ಸೊಂಟಕ್ಕೆ ಸದಾ ಒಂದು ಕೀಲಿಕೈಗಳ ಗೊಂಚಲು ತೂಗುತ್ತಿತ್ತು. ಅದರಲ್ಲಿ ಉಗ್ರಾಣದ್ದೊಂದೇ ಗೇಣುದ್ದ. ಅದು ಬಾವಿಯ ಕಟ್ಟೆಯ ಮೇಲೆ ಬೀಳಲಿ, ಕೊಟ್ಟಿಗೆಯ ಕೆಸರಿನಲ್ಲಿ ಬೀಳಲಿ, ಎತ್ತಿ ಸೆರಗಿಗೆ ಒರೆಸಿ ಮತ್ತೆ ಸಿಕ್ಕಿಸಿಕೊಂಡರೆ ತೀರಿತು. ತುಕ್ಕು ಹಿಡಿದರೆ ಒಂದು ತೊಟ್ಟು ಕುಸುಬಿ ಎಣ್ಣೆ ಸಾಕು. ಕೀಲಿಕೈ ಎಂಬುದು ಕೆಡುವ ವಸ್ತುವೇ ಅಲ್ಲವೆಂದು ನಂಬಿ ಬೆಳೆದವನು ನಾನು. ಅದಕ್ಕೂ ಜಡ್ಡು ಬರುತ್ತದೆ, ಅದನ್ನೂ ಮೇಜಿನ ಮೇಲೆ ಮಲಗಿಸಿ ಶಸ್ತ್ರಚಿಕಿತ್ಸೆ ಮಾಡಬೇಕಾಗುತ್ತದೆ ಎಂದು ಕನಸಿನಲ್ಲಿಯೂ ಎಣಿಸಿರಲಿಲ್ಲ. ಕಳೆದ ಮಳೆಗಾಲದಲ್ಲಿ ಅದೂ ಆಯಿತು. ನಮ್ಮ ಸಂಘದ ಅನೇಕ ಕುಟುಂಬಗಳಲ್ಲಿ ಈಗ ಮೋಟಾರು ಇರುವುದರಿಂದ, ನಾನು ಪಟ್ಟ ಪಾಡು ಇನ್ನೊಬ್ಬರಿಗೆ ತಪ್ಪಲೆಂದು ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

ಸರಕಾರಿ ಕಚೇರಿಯ ಗುಮಾಸ್ತನಿಗೆ ಮೋಟಾರೇಕೆ ಎಂದು ವಾಚಕರು ಕೇಳಬಹುದು. ನಾನೂ ಬಹಳ ಕಾಲ ಹಾಗೆಯೇ ಕೇಳಿಕೊಂಡವನು. ಭಾಂಡೂಪಿನಿಂದ ಕಚೇರಿಗೆ ಲೋಕಲ್ ಗಾಡಿಯಿದೆ, ಕಿಸೆಯಲ್ಲಿ ಪಾಸಿದೆ. ಅದಕ್ಕಿಂತ ಹೆಚ್ಚಿನ ವೈಭವ ನನಗೆ ಬೇಕಿರಲಿಲ್ಲ. ಆದರೆ ಎರಡು ವರ್ಷಗಳ ಹಿಂದೆ ನನ್ನ ತೀರ್ಥರೂಪರ ಮೂತ್ರಪಿಂಡಗಳು ಸೋತವು. ಗದಗಿನ ಕಡೆಯ ಒಂದು ಹಳ್ಳಿಯಲ್ಲಿ ಮಾಸ್ತರಿಕೆ ಮಾಡಿ ನಿವೃತ್ತರಾದವರು, ಚಿಕಿತ್ಸೆಗೆಂದು ನಮ್ಮ ಎರಡು ಕೋಣೆಯ ಮನೆಗೆ ಬಂದು ನೆಲೆಸಿದರು. ಮಂಗಳವಾರ, ಗುರುವಾರ, ಶನಿವಾರ, ಹೀಗೆ ವಾರಕ್ಕೆ ಮೂರು ದಿನ ಬೆಳಗಿನ 7 ಗಂಟೆಗೆ ಅವರು ಮುಲುಂಡದ ಡಯಾಲಿಸಿಸ್ ಕೇಂದ್ರದಲ್ಲಿ ಹಾಜರಿರಬೇಕು. ನಾಲ್ಕು ಗಂಟೆಗಳ ಕಾಲ ಯಂತ್ರವು ಅವರ ರಕ್ತವನ್ನು ತೊಳೆದು ಕೊಡುತ್ತದೆ. ಒಂದು ಸರದಿ ತಪ್ಪಿದರೆ ಮೈಯಲ್ಲಿ ನೀರು ತುಂಬುತ್ತದೆ, ಪೊಟ್ಯಾಸಿಯಂ ಏರಿ ಹೃದಯಕ್ಕೇ ಅಪಾಯ ತರಬಲ್ಲದು. ಹೋಗುವಾಗ ರಿಕ್ಷಾ ಸಿಕ್ಕೀತು. ಆದರೆ ಚಿಕಿತ್ಸೆ ಮುಗಿದು ರಕ್ತದೊತ್ತಡ ಇಳಿದು ತಲೆ ತಿರುಗುತ್ತಿರುವ ವೃದ್ಧರನ್ನು ಮಳೆಯಲ್ಲಿ ರಸ್ತೆಯ ಬದಿಗೆ ನಿಲ್ಲಿಸಿ ರಿಕ್ಷಾಕ್ಕೆ ಕೈಮಾಡುವುದು ಮಗನಾದವನು ನೋಡತಕ್ಕ ದೃಶ್ಯವಲ್ಲ. ಆದ್ದರಿಂದ ಸೊಸಾಯಿಟಿಯಿಂದ ಸಾಲ ತೆಗೆದು, ಇನ್ನೊಬ್ಬರು ಓಡಿಸಿದ ಒಂದು ಸಣ್ಣ ಮೋಟಾರು ಕೊಂಡೆ.

ಅಂದಿನಿಂದ ನಮ್ಮ ಕ್ರಮ ಹೀಗೆ: ಬೆಳಿಗ್ಗೆ ನಾನು, ನನ್ನಾಕೆ, ಅಪ್ಪ ಮೂವರೂ ಮುಲುಂಡಕ್ಕೆ ಹೋಗುವುದು. ನಾನು ಅಲ್ಲಿಂದಲೇ ಸ್ಟೇಶನ್ನಿಗೆ ನಡೆದು ಕಚೇರಿಯ ದಾರಿ ಹಿಡಿಯುವುದು. ಅಪ್ಪನ ಸರದಿ ಮುಗಿದ ಮೇಲೆ ನನ್ನಾಕೆ ಮೋಟಾರು ನಡೆಸಿಕೊಂಡು ಅವರನ್ನು ಮನೆಗೆ ಕರೆತರುವುದು. ಚಾಲಕರು ಇಬ್ಬರು, ಕೀಲಿಕೈ ಮಾತ್ರ ಒಂದೇ. ಮಾರಿದವರು, ಎರಡನೆಯದು ಎಲ್ಲಿಯೋ ಕಳೆದುಹೋಗಿದೆ ಎಂದಿದ್ದರು. ನಾನೂ ‘ಆಗಲಿ’ ಎಂದು ತಲೆಯಾಡಿಸಿದ್ದೆ. ಆ ‘ಆಗಲಿ’ಯ ಬೆಲೆ ಎಷ್ಟೆಂದು ಮುಂದೆ ತಿಳಿಯಿತು.

ಜುಲೈ ತಿಂಗಳ ಒಂದು ಸಂಜೆ. ನಮ್ಮ ಓಣಿಯಲ್ಲಿ ಹರಡು ಮುಳುಗುವಷ್ಟು ನೀರು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಔಷಧದ ಚೀಲ, ಬೆರಳ ಸಂದಿಯಲ್ಲಿ ಕೀಲಿಕೈ. ಅದು ಜಾರಿ ಬಿದ್ದಿತು. ಬಗ್ಗಿ ಎತ್ತುವಷ್ಟರಲ್ಲಿ ಹಿಂದಿನಿಂದ ಬಂದ ಒಂದು ಸ್ಕೂಟರು ಅದರ ಮೇಲೆಯೇ ಹಾಯ್ದುಹೋಯಿತು. ಎತ್ತಿ ನೋಡಿದರೆ ಪ್ಲಾಸ್ಟಿಕ್ಕಿನ ಕವಚ ಎರಡು ಹೋಳಾಗಿತ್ತು, ಗುಂಡಿಗಳ ರಬ್ಬರು ಹರಿದಿತ್ತು, ಲೋಹದ ಅಲಗು ಹಾಲುಹಲ್ಲಿನಂತೆ ಅಲ್ಲಾಡುತ್ತಿತ್ತು. ಪುಣ್ಯಕ್ಕೆ ಒಳಗಿನ ಹಸಿರು ಹಲಗೆ ಮಾತ್ರ ಉಳಿದಿತ್ತು. ಬಟ್ಟೆಯಿಂದ ಒರೆಸಿ, ಫ್ಯಾನಿನ ಕೆಳಗೆ ರಾತ್ರಿಯೆಲ್ಲ ಒಣಗಿಸಿ, ರಬ್ಬರ್ ಬ್ಯಾಂಡು ಸುತ್ತಿ ಕೆಲಸ ಸಾಗಿಸಿದೆವು.

ಮಾರನೆಯ ದಿನ ಒಂದು ಸರ್ವಿಸ್ ಕೇಂದ್ರದಲ್ಲಿ ವಿಚಾರಿಸಿದೆ. ಹೊಸ ಕೀಲಿಕೈ, ಅದನ್ನು ಗಾಡಿಗೆ ಹೊಂದಿಸುವ ಕೂಲಿ, ಎಲ್ಲ ಸೇರಿ 13,500 ರೂಪಾಯಿ. ಸಾಮಾನು ಬರಲು ವಾರವಾದರೂ ಬೇಕು ಎಂದರು. ಅಷ್ಟು ಹಣ ನಮ್ಮ ಮನೆಯಲ್ಲಿ ಅಪ್ಪನ ಔಷಧದ ಎರಡು ತಿಂಗಳ ಬಾಬ್ತು. ‘ಒಂದು ಕೀಲಿಕೈಗೆ ಇಷ್ಟೇ?’ ಎಂದು ನನ್ನಾಕೆ ಕೇಳಿದ ಧ್ವನಿಯಲ್ಲಿ, ನಾನು ಮೋಸಹೋಗುತ್ತಿದ್ದೇನೆ ಎಂಬ ಅರ್ಥವಿತ್ತು. ನಿಜ ಹೇಳಬೇಕೆಂದರೆ ಆ ಹಣ ಯಾತಕ್ಕೆಂದು ನನಗೂ ಗೊತ್ತಿರಲಿಲ್ಲ. ಗೊತ್ತಿಲ್ಲದವನು ಚೌಕಾಶಿ ಮಾಡುವುದಾದರೂ ಹೇಗೆ?

ನಮ್ಮ ಕಚೇರಿಯಲ್ಲಿ, ಹಿಂದೆ ಸೈನ್ಯದಲ್ಲಿ ರೇಡಿಯೋ ಕೆಲಸ ಮಾಡಿ ಬಂದ ಹಿರಿಯರೊಬ್ಬರಿದ್ದಾರೆ. ಮಧ್ಯಾಹ್ನದ ಡಬ್ಬಿ ಬಿಚ್ಚುವ ಹೊತ್ತಿನಲ್ಲಿ ಅವರ ಮುಂದೆ ಈ ಮುರುಕು ಕೀಲಿಕೈಯನ್ನು ಇಟ್ಟೆ. ಅವರು ಅದನ್ನು ತಿರುಗಿಸಿ ನೋಡಿ, ‘ಇದು ಒಂದು ಕೀಲಿಕೈಯಲ್ಲ, ಮೂರು’ ಎಂದರು. ಅವರು ಹೇಳಿದ್ದನ್ನು ಗುಮಾಸ್ತನಾದ ನನ್ನ ಭಾಷೆಯಲ್ಲಿ ವಾಚಕರ ಮುಂದಿಡುತ್ತೇನೆ.

ಮೊದಲನೆಯದು ಲೋಹದ ಅಲಗು. ಇದು ನಮ್ಮ ಅಜ್ಜಿಯ ಕೀಲಿಕೈಯ ವಂಶದ್ದೇ. ಹಲ್ಲುಗಳು ಕೂಡಿದರೆ ಬೀಗ ತಿರುಗುತ್ತದೆ. 1897ರಲ್ಲಿ ಅರ್ದೇಶಿರ್ ಗೋದ್ರೇಜರು ನಮ್ಮ ಮುಂಬಯಿಯ ಲಾಲ್‌ಬಾಗಿನಲ್ಲಿ ಬೀಗ ತಯಾರಿಸಲು ತೊಡಗಿದಾಗ ಯಾವ ತತ್ತ್ವವಿತ್ತೋ ಅದೇ ಇಂದಿಗೂ ಇದೆ. ರಸ್ತೆಯ ಬದಿಗೆ ಅರ ಹಿಡಿದು ಕುಳಿತ ಚಾವಿವಾಲಾ ಇದನ್ನು ಹತ್ತು ನಿಮಿಷದಲ್ಲಿ ತಿದ್ದಿ ಕೊಡಬಲ್ಲ.

ಎರಡನೆಯದು ಗುಂಡಿ ಒತ್ತಿದರೆ ಬಾಗಿಲು ತೆರೆಯುವ ರಿಮೋಟು. ಇದೊಂದು ಪುಟ್ಟ ಆಕಾಶವಾಣಿ ಕೇಂದ್ರವೇ ಸರಿ. ನಮ್ಮ ದೇಶದ ಗಾಡಿಗಳಲ್ಲಿ ಸಾಮಾನ್ಯವಾಗಿ 433 ಮೆಗಾಹರ್ಟ್ಸ್ ಆಸುಪಾಸಿನ ತರಂಗದಲ್ಲಿ ಅದು ಮಾತನಾಡುತ್ತದೆ. ನಾಣ್ಯದಂತಹ ಒಂದು ಸೆಲ್ಲು ಅದಕ್ಕೆ ಉಸಿರು. 1982ರ ಸುಮಾರಿಗೆ ಫ್ರಾನ್ಸಿನ ರೆನೋ ಕಂಪನಿಯವರು ತಮ್ಮ ಫ್ಯೂಗೋ ಗಾಡಿಗೆ ದೂರದಿಂದಲೇ ಬಾಗಿಲು ತೆರೆಯುವ ಈ ಸೌಕರ್ಯ ಒದಗಿಸಿದರು. ಮೊದಮೊದಲ ರೇಡಿಯೋ ರಿಮೋಟುಗಳು ಪ್ರತಿಸಲವೂ ಒಂದೇ ಸಂಕೇತವನ್ನು ಕೂಗುತ್ತಿದ್ದುದರಿಂದ, ಕಳ್ಳನು ಅದನ್ನು ಹಿಡಿದಿಟ್ಟುಕೊಂಡು ಮತ್ತೆ ಕೂಗಿಸಿದರೆ ಬಾಗಿಲು ತೆರೆದುಬಿಡುತ್ತಿತ್ತು. ಇದಕ್ಕೆ ಕಂಡುಹಿಡಿದ ಉಪಾಯವೇ ಪ್ರತಿ ಒತ್ತಿಗೂ ಬದಲಾಗುವ ಸಂಕೇತ. ದಕ್ಷಿಣ ಆಫ್ರಿಕಾದಲ್ಲಿ 1980ರ ದಶಕದಲ್ಲಿ ಹುಟ್ಟಿ, 1995ರಲ್ಲಿ ಅಮೆರಿಕದ ಮೈಕ್ರೋಚಿಪ್ ಕಂಪನಿಯ ಕೈಸೇರಿದ ‘ಕೀಲಾಕ್’ ಎಂಬ ಪದ್ಧತಿ ಇವುಗಳಲ್ಲಿ ಪ್ರಸಿದ್ಧವಾದದ್ದು.

ಇದು ನಮ್ಮ ಕಚೇರಿಯ ಆವಕ-ಜಾವಕ ಪುಸ್ತಕದಂತೆಯೇ. ರಿಮೋಟಿನಿಂದ ಹೊರಡುವ ಪ್ರತಿ ಪತ್ರಕ್ಕೂ ಒಂದು ಜಾವಕ ಸಂಖ್ಯೆ, ಅದೂ ಗುಪ್ತಲಿಪಿಯಲ್ಲಿ. ಗಾಡಿಯು ತನ್ನ ಆವಕ ಪುಸ್ತಕ ನೋಡುತ್ತದೆ. ಬಂದ ಸಂಖ್ಯೆ ಹಳೆಯದಾದರೆ ‘ಇದು ನಕಲು ಪತ್ರ’ ಎಂದು ತಿರಸ್ಕರಿಸುತ್ತದೆ. ಸ್ವಲ್ಪ ಮುಂದಿನದಾದರೆ, ಕೀಲಾಕಿನಲ್ಲಿ ಸಾಮಾನ್ಯವಾಗಿ ಹದಿನಾರರೊಳಗೆ ಇದ್ದರೆ, ‘ನಡುವೆ ನಾಲ್ಕು ಪತ್ರ ಕಳೆದಿರಬೇಕು’ ಎಂದು ಒಪ್ಪಿಕೊಳ್ಳುತ್ತದೆ. ಬಹಳ ಮುಂದಿದ್ದರೆ ಸಂಶಯಪಟ್ಟು, ಬೆನ್ನಿಗೇ ಇನ್ನೊಂದು ಪತ್ರ ಬರಲೆಂದು ಕಾಯುತ್ತದೆ. ಮಕ್ಕಳು ಮನೆಯೊಳಗೆ ಕೂತು ರಿಮೋಟನ್ನು ಬಹಳ ಸಲ ಒತ್ತಿ ಆಡಿದರೆ, ಕೆಳಗೆ ಹೋದಾಗ ಬಾಗಿಲು ಮೊದಲ ಒತ್ತಿಗೆ ತೆರೆಯದಿರುವುದರ ಗುಟ್ಟು ಇದು. ಎರಡು ಸಲ ಒತ್ತಿ ನೋಡಿದರೆ ಅನೇಕ ವೇಳೆ ಸರಿಹೋಗುತ್ತದೆ. ಈ ಪದ್ಧತಿಯೂ ಅಭೇದ್ಯವೇನಲ್ಲ. 2008ರಲ್ಲಿ ಜರ್ಮನಿಯ ಬೋಖುಮ್ ವಿಶ್ವವಿದ್ಯಾಲಯದ ಸಂಶೋಧಕರು ಕೀಲಾಕನ್ನು ಭೇದಿಸಿ ತೋರಿಸಿದರು.

ಮೂರನೆಯದು ಕಣ್ಣಿಗೇ ಬೀಳದ್ದು. ಕವಚದ ಒಂದು ಮೂಲೆಯಲ್ಲಿ ಹುಣಿಸೆಬೀಜಕ್ಕಿಂತ ದೊಡ್ಡದಲ್ಲದ ಒಂದು ಕರಿಯ ಚೂರು ಕುಳಿತಿರುತ್ತದೆ. ಕೆಲವು ಗಾಡಿಗಳಲ್ಲಿ ಅದು ಗಾಜಿನ ಗುಳಿಗೆಯಂತೆಯೂ ಇರುವುದುಂಟು. ಇದಕ್ಕೆ ಸೆಲ್ಲಿನ ಹಂಗಿಲ್ಲ. ಕೀಲಿಕೈ ತೂರಿಸುವ ಕಿಂಡಿಯ ಸುತ್ತ ತಂತಿಯ ಒಂದು ಸುರುಳಿಯಿರುತ್ತದೆ. ಅದರ ಅಯಸ್ಕಾಂತ ಕ್ಷೇತ್ರದಿಂದಲೇ ಈ ಚೂರಿಗೆ ಅರೆಕ್ಷಣದ ಜೀವ ಬಂದು, ತನ್ನ ಗುರುತನ್ನು ಹೇಳುತ್ತದೆ. ಗುರುತು ಸರಿಯಾಗಿದ್ದರೆ ಮಾತ್ರ ಗಾಡಿಯ ಕಂಪ್ಯೂಟರು ಎಂಜಿನ್ನಿಗೆ ಅಪ್ಪಣೆ ಕೊಡುತ್ತದೆ. ಇದನ್ನೇ ‘ಇಮ್ಮೊಬಿಲೈಸರ್’ ಎನ್ನುವುದು. ಜರ್ಮನಿ, ಬ್ರಿಟನ್ ಮೊದಲಾದ ದೇಶಗಳು 1998ರಿಂದ ಹೊಸ ಗಾಡಿಗಳಿಗೆ ಇದನ್ನು ಕಡ್ಡಾಯ ಮಾಡಿದವು. ನಮ್ಮಲ್ಲಿ ಮಾರುತಿಯವರು ‘ಐಕ್ಯಾಟ್ಸ್’ ಎಂಬ ಹೆಸರಿನಲ್ಲಿ ಗಾಜಿನ ಮೇಲೆ ಚೀಟಿ ಅಂಟಿಸಿ ಕೊಡುತ್ತಿದ್ದುದು ಇದನ್ನೇ. ಅಲಗು ಎಷ್ಟೇ ಚೆನ್ನಾಗಿ ಹೊಂದಲಿ, ಈ ಚೂರು ಸಹಿ ಹಾಕದೆ ಕಡತ ಮುಂದೆ ಹೋಗುವಂತಿಲ್ಲ.

ನೋಡಿ, ಕಾಲ ಹೇಗೆ ನಡೆದುಬಂದಿದೆ! 1912ರಲ್ಲಿ ಕೆಟರಿಂಗ್ ಎಂಬಾತನ ವಿದ್ಯುತ್ ಸ್ಟಾರ್ಟರು ಕ್ಯಾಡಿಲ್ಯಾಕ್ ಗಾಡಿಗೆ ಬರುವ ಮೊದಲು ಮುಂದೆ ನಿಂತು ಹ್ಯಾಂಡಲ್ ತಿರುವಬೇಕಾಗಿತ್ತು. ಕೀಲಿಕೈ ತಿರುಗಿಸಿದೊಡನೆ ಎಂಜಿನ್ ಚಾಲೂ ಆಗುವ ಏರ್ಪಾಡನ್ನು ಕ್ರೈಸ್ಲರ್ ಕಂಪನಿ 1949ರಲ್ಲಿ ತಂದಿತು. ನಮ್ಮ ಕುರ್ಲಾದಲ್ಲಿಯೇ ತಯಾರಾಗಿ ದಶಕಗಳ ಕಾಲ ಈ ನಗರವನ್ನು ಹೊತ್ತು ತಿರುಗಿದ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಗೆ ಒಂದು ಬರಿಯ ಲೋಹದ ತುಂಡೇ ಕೀಲಿಕೈ. ಆ ಕಪ್ಪು-ಹಳದಿ ಗಾಡಿಗಳಲ್ಲಿ ಕೊನೆಯದು 2023ರ ಅಕ್ಟೋಬರ ಕೊನೆಗೆ ಮುಂಬಯಿಯ ರಸ್ತೆಗೆ ವಿದಾಯ ಹೇಳಿತು. ಅದರೊಂದಿಗೆ ಚಾವಿವಾಲಾನ ಅರಕ್ಕೆ ಪೂರ್ತಿಯಾಗಿ ಮಣಿಯುತ್ತಿದ್ದ ಕೀಲಿಕೈಯ ಕಾಲವೂ ಹೋಯಿತೆನ್ನಬೇಕು.

ಇಷ್ಟು ಜ್ಞಾನೋದಯವಾದ ಮೇಲೆ ನನ್ನ ಕೀಲಿಕೈಯಲ್ಲಿ ಕೆಟ್ಟಿದ್ದು ಬರಿಯ ಅಂಗಿ, ಒಳಗಿನ ಜೀವವಲ್ಲ ಎಂಬುದು ಸ್ಪಷ್ಟವಾಯಿತು. ಅಂಗಿ ಬದಲಿಸಲು 13,500 ರೂಪಾಯಿ ಏಕೆ? ಶುಕ್ರವಾರ ಕಚೇರಿ ಮುಗಿಸಿ ಕುರ್ಲಾದಲ್ಲಿಳಿದು, ಮೋಟಾರು ಸಾಮಾನಿನ ಅಂಗಡಿಗಳು ಸಾಲುಗಟ್ಟಿರುವ ಸಿ.ಎಸ್.ಟಿ. ರಸ್ತೆಗೆ ಹೋದೆ. ಒಂದು ಅಂಗಡಿಯಲ್ಲಿ ಹುಡುಗನೊಬ್ಬ ಖಾಲಿ ಕವಚಗಳ ರಾಶಿಯಿಂದ ನನ್ನ ಗಾಡಿಯದನ್ನು ಹುಡುಕುತ್ತ ತನ್ನಷ್ಟಕ್ಕೆ ‘ಒಂದು, ಎರಡು, ಮೂರು’ ಎಂದು ಎಣಿಸುತ್ತಿದ್ದ. ಎಷ್ಟೇ ಹಿಂದಿ ಮರಾಠಿ ಕಲಿತರೂ ಮನುಷ್ಯ ಎಣಿಸುವುದು ತಾಯಿನುಡಿಯಲ್ಲಿಯೇ ಅಲ್ಲವೇ! ಮಾತನಾಡಿಸಿದೆ. ಕಲಬುರಗಿ ಕಡೆಯವನು, ಹತ್ತು ವರ್ಷದಿಂದ ಇದೇ ಕಸುಬು. ಕವಚಕ್ಕೆ 350 ರೂಪಾಯಿ ತೆಗೆದುಕೊಂಡು, ನನ್ನ ಹಳೆಯ ಅಲಗಿನ ಹಲ್ಲುಗಳನ್ನೇ ಹೊಸ ಅಲಗಿಗೆ ಯಂತ್ರದಲ್ಲಿ ಕೊರೆದುಕೊಟ್ಟ.

‘ಒಳಗಿಂದು ನಾನೇ ಹಾಕಿಕೊಡ್ಲೇನ್ರೀ ಸರ?’ ಎಂದ.

‘ಬೇಡಪ್ಪ, ಮನೆಯಲ್ಲೇ ಮಾಡಿಕೊಳ್ಳುತ್ತೇನೆ,’ ಎಂದೆ. ಹೊಸದಾಗಿ ಕಲಿತವನ ಜಂಬ ನೋಡಿ!

‘ಹಂಗಾದ್ರ ಒಂದು ಮಾತು ನೆನಪಿಡ್ರಿ. ಗಾಡಿ ಚಾಲೂ ಆಗೂತನಕ ಹಳೀ ಕವಚ ಒಗೀಬ್ಯಾಡ್ರಿ,’ ಎಂದ. ನಾನು ಹೂಂಗುಟ್ಟಿ, 8ರ ಲೋಕಲ್ ಹಿಡಿಯುವ ಅವಸರದಲ್ಲಿ ಹೊರಟೆ.

ಆ ರಾತ್ರಿ ಊಟವಾದ ಮೇಲೆ ಬಿಳಿಯ ಪಂಚೆ ಹಾಸಿ ಶಸ್ತ್ರಚಿಕಿತ್ಸೆಗೆ ಕುಳಿತೆ. ಬಿಳಿಯ ಬಟ್ಟೆಯೇ ಏಕೆಂದರೆ ಬಿದ್ದ ತಿರುಪುಗಳು ಕಾಣಬೇಕು. ಹಲಗೆಯನ್ನು ಅಂಚಿನಿಂದ ಹಿಡಿದು ಹೊಸ ಕವಚಕ್ಕೆ ಕೂರಿಸಿದೆ, ರಬ್ಬರಿನ ಗುಂಡಿಗಳನ್ನು ಅದರ ಮೇಲೆ ಹೊಂದಿಸಿದೆ, ಹೊಸ ಸೆಲ್ಲು ಹಾಕಿದೆ. ಒತ್ತಿ ಮುಚ್ಚಿದಾಗ ‘ಟಕ್’ ಎಂದಿತು. ಕಿಟಕಿಯಿಂದ ಕೆಳಗೆ ನಿಂತ ಮೋಟಾರಿನತ್ತ ಹಿಡಿದು ಗುಂಡಿ ಒತ್ತಿದರೆ ಅದರ ದೀಪಗಳು ಎರಡು ಸಲ ಕಣ್ಣು ಮಿಟುಕಿಸಿದವು! ನನ್ನಾಕೆಯನ್ನು ಕರೆದು ತೋರಿಸಿದೆ, ಅಪ್ಪನನ್ನು ಎಬ್ಬಿಸಿ ತೋರಿಸಿದೆ. ಮಳೆ ಸುರಿಯುತ್ತಿದ್ದುದರಿಂದ ಕೆಳಗಿಳಿದು ಎಂಜಿನ್ ಚಾಲೂ ಮಾಡಿ ನೋಡಲಿಲ್ಲ. ಹಳೆಯ ಕವಚವನ್ನು ಒಣಕಸದ ಚೀಲಕ್ಕೆ ಹಾಕಿ, ಚೀಲವನ್ನು ಬಾಗಿಲ ಹೊರಗಿಟ್ಟು, 13,150 ರೂಪಾಯಿ ಉಳಿಸಿದ ತೃಪ್ತಿಯಿಂದ ಮಲಗಿದೆ.

ಮರುದಿನ ಶನಿವಾರ, ಅಪ್ಪನ ಸರದಿ. ಬೆಳಗಿನ 6 ಗಂಟೆಗೆ ಅವರನ್ನು ಕೈಹಿಡಿದು ತಂದು ಕೂರಿಸಿ ಕೀಲಿಕೈ ತಿರುಗಿಸಿದೆ. ಎಂಜಿನ್ ಗರಗರ ಎಂದಿತು, ಹೊತ್ತಿಕೊಳ್ಳಲಿಲ್ಲ. ಇನ್ನೊಮ್ಮೆ, ಹಾಗೆಯೇ. ಮುಂದಿನ ಫಲಕದಲ್ಲಿ ಕೀಲಿಕೈ ಚಿತ್ರದ ಒಂದು ಕೆಂಪು ದೀಪ ಮಿಣಮಿಣ ಎನ್ನುತ್ತಿತ್ತು. ಆ ದೀಪವನ್ನು ಕಂಡೊಡನೆ ನನ್ನ ಎದೆ ಧಸಕ್ಕೆಂದಿತು. ಮೂರನೆಯ ಕೀಲಿಕೈ! ಆ ಕರಿಯ ಚೂರು! ಅದನ್ನು ಹಳೆಯ ಕವಚದ ಮೂಲೆಯಿಂದ ಬಿಡಿಸಿ ತೆಗೆಯುವುದನ್ನೇ ಮರೆತಿದ್ದೆ. ಕವಚ ಕಸದಲ್ಲಿತ್ತು. ಮೇಲೆ ಓಡಿ ನೋಡಿದರೆ ಚೀಲ ಆಗಲೇ ಹೋಗಿತ್ತು.

‘ಯಾಕ ತಮ್ಮಾ, ಚಾಲೂ ಆಗವಲ್ದೇನು?’ ಎಂದು ಅಪ್ಪ ಕೇಳಿದರು. ಹಿಂದಿನ ಎರಡು ದಿನ ಅವರ ಕಾಲು ಬಾತಿದ್ದವು. ಉಸಿರಾಡುವಾಗ ಸ್ವಲ್ಪ ಸದ್ದಾಗುತ್ತಿತ್ತು. ‘ನನ್ನ ತಪ್ಪು, ಅಪ್ಪಾ’ ಎಂದೆನೇ ಹೊರತು ಏನು ತಪ್ಪೆಂದು ವಿವರಿಸುವ ಧೈರ್ಯವಾಗಲಿಲ್ಲ. ನನ್ನಾಕೆ ಒಂದು ಮಾತೂ ಆಡದೆ ಕೊಡೆ ಹಿಡಿದು ಮಳೆಯಲ್ಲಿ ನಾಕೆಗೆ ಓಡಿದಳು. ಮೂರು ರಿಕ್ಷಾಗಳು ನಿಲ್ಲದೆ ಹೋದವು. ನಾಲ್ಕನೆಯವನು ಕನಿಕರಪಟ್ಟು ಬಂದ. ಮುಲುಂಡ ಮುಟ್ಟಿದಾಗ 7.25. ಅಲ್ಲಿಯ ನರ್ಸಮ್ಮ ಗಡಿಯಾರ ನೋಡಿದರೂ ಏನೂ ಅನ್ನದೆ ಅಪ್ಪನನ್ನು ಒಳಗೆ ಕರೆದುಕೊಂಡರು. ಆ ಗಾಜಿನ ಬಾಗಿಲು ಮುಚ್ಚಿದ ಮೇಲೆಯೇ ನನಗೆ ಉಸಿರು ಬಂದದ್ದು.

ಕೂಡಲೇ ಮರಳಿ ಭಾಂಡೂಪಿಗೆ ಬಂದೆ. ನಮ್ಮ ಕಟ್ಟಡದ ಹಿಂದೆ, ಒಣಕಸವನ್ನು ಬೇರ್ಪಡಿಸುವ ಒಬ್ಬ ಬಾಯಿ ದಿನವೂ ಕೂರುತ್ತಾರೆ. ನಾನು ಏದುಸಿರು ಬಿಡುತ್ತ ನನ್ನ ಹರಕು ಮರಾಠಿಯಲ್ಲಿ ವಿಷಯ ಹೇಳಿದೆ. ಅವರು ಗಾಬರಿಪಡದೆ, ‘ಯಾವ ಮಹಡಿ?’ ಎಂದು ಮಾತ್ರ ಕೇಳಿದರು. ಹನ್ನೆರಡು ಚೀಲಗಳಲ್ಲಿ ಮೂರನೆಯ ಮಹಡಿಯ ಚೀಲಗಳು ಯಾವುವೆಂದು ಅವರಿಗೆ ನೋಡಿದೊಡನೆ ಗೊತ್ತು! ಕರಿಯ ಗಟ್ಟಿ ಪ್ಲಾಸ್ಟಿಕ್ಕಿಗೆ ಬೇರೆ ದರ ಸಿಗುವುದರಿಂದ ಅದನ್ನು ಆಗಲೇ ಒಂದು ಡಬ್ಬಿಗೆ ತೆಗೆದಿಟ್ಟಿದ್ದರು. ಅದರಲ್ಲಿ ನನ್ನ ಮುರುಕು ಕವಚ, ಕವಚದ ಮೂಲೆಯಲ್ಲಿ ಭದ್ರವಾಗಿ ಕುಳಿತ ಆ ಕರಿಯ ಚೂರು. ಒಂದು ಗಂಟೆ ತಡವಾಗಿದ್ದರೆ ಗಾಡಿ ಬಂದು ಅದನ್ನು ಕೊಂಡೊಯ್ಯುತ್ತಿತ್ತು. ಕೈಮುಗಿದು ನಾನು ಕೊಟ್ಟ ಹಣದಲ್ಲಿ ಚಹಾದಷ್ಟನ್ನು ಇಟ್ಟುಕೊಂಡು ಉಳಿದದ್ದನ್ನು ಅವರು ತಿರುಗಿ ಕೊಟ್ಟರು. ಎರಡು ವರ್ಷ ದಿನವೂ ಅವರ ಮುಂದೆ ಹಾದುಹೋಗುತ್ತಿದ್ದವನು ನಾನು. ಅವರೊಡನೆ ಮಾತನಾಡಿದ್ದು ಅದೇ ಮೊದಲು.

ಚೂರನ್ನು ಅದರ ಗೂಡಿಗೆ ಸೇರಿಸಿ ಕೀಲಿಕೈ ತಿರುಗಿಸಿದೆ. ಮೊದಲ ಸಲಕ್ಕೇ ಎಂಜಿನ್ ಗುಡುಗಿತು. 11 ಗಂಟೆಗೆ ಸರಿಯಾಗಿ ಮುಲುಂಡದ ಬಾಗಿಲಲ್ಲಿ ಮೋಟಾರು ನಿಂತಿತ್ತು.

ಒಂದೇ ಕೀಲಿಕೈ ಇಟ್ಟುಕೊಂಡು ಇನ್ನು ಬಾಳಬಾರದೆಂದು ಅಂದೇ ನಿಶ್ಚಯಿಸಿ, ಭಾನುವಾರ ಗಾಡಿಯನ್ನೇ ಕುರ್ಲಾಕ್ಕೆ ಒಯ್ದೆ. ಕಲಬುರಗಿಯ ಹುಡುಗ ನನ್ನ ಕತೆ ಕೇಳಿ ನಕ್ಕನಾದರೂ ‘ನಾ ಹೇಳಿದ್ದಿಲ್ಲೇನ್ರಿ?’ ಎಂದು ಚುಚ್ಚಲಿಲ್ಲ. ಸ್ಟೇರಿಂಗಿನ ಕೆಳಗೆ ಹದಿನಾರು ಕಿಂಡಿಗಳ ಒಂದು ಸಾಕೆಟ್ಟಿರುತ್ತದೆ. ಅದಕ್ಕೆ ತನ್ನ ಯಂತ್ರ ಜೋಡಿಸಿ, ಹೊಸ ಚೂರಿನ ಗುರುತನ್ನು ಗಾಡಿಯ ಕಂಪ್ಯೂಟರಿಗೆ ಪರಿಚಯಿಸಿದ. ಆಗ ಯಂತ್ರದ ಪರದೆಯ ಮೇಲೆ ಒಂದು ಸಂಗತಿ ಕಂಡಿತು: ಗಾಡಿಯ ನೆನಪಿನಲ್ಲಿ ಅದಕ್ಕೆ ಮೊದಲೇ ಎರಡು ಕೀಲಿಕೈಗಳ ಹೆಸರಿತ್ತು. ಎಲ್ಲಿಯೋ ಕಳೆದುಹೋಗಿದೆಯೆಂದು ಮಾರಿದವರು ಹೇಳಿದ ಆ ಎರಡನೆಯದು, ಯಾರ ಕೈಯಲ್ಲಿದ್ದರೂ ನನ್ನ ಮೋಟಾರನ್ನು ಚಾಲೂ ಮಾಡಬಲ್ಲದಾಗಿತ್ತು! ಎರಡು ವರ್ಷ ನಾನು ನಿಶ್ಚಿಂತೆಯಿಂದ ನಿದ್ರಿಸಿದ್ದೆ. ಆ ಹೆಸರನ್ನು ಹೊಡೆದುಹಾಕಿಸಿದೆ. ಎಲ್ಲ ಸೇರಿ 3,200 ರೂಪಾಯಿ.

ಹೊಸ ಕೀಲಿಕೈಯ ರಿಮೋಟನ್ನು ಮಾತ್ರ ನಾನೇ ಮನೆಯಲ್ಲಿ ಹೊಂದಿಸಿದೆ. ನನ್ನಂತಹ ಹಳೆಯ ಮಾದರಿಯ ಕೆಲವು ಗಾಡಿಗಳಲ್ಲಿ ಇದಕ್ಕೆ ಯಂತ್ರ ಬೇಡ. ಬಾಗಿಲುಗಳನ್ನೆಲ್ಲ ಮುಚ್ಚಿ ಒಳಗೆ ಕುಳಿತು, ಗಾಡಿಯ ಕೈಪಿಡಿ ಹೇಳಿದಷ್ಟು ಸಲ, ಹೇಳಿದಷ್ಟು ಸೆಕೆಂಡಿನೊಳಗೆ ಕೀಲಿಕೈಯನ್ನು ‘ಆಫ್’ನಿಂದ ‘ಆನ್’ಗೆ ತಿರುಗಿಸಬೇಕು. ಆಗ ಬಾಗಿಲ ಬೀಗಗಳು ಒಮ್ಮೆ ಟಕ್ಕೆಂದು ‘ಕಲಿಯಲು ಸಿದ್ಧ’ ಎಂದು ತಿಳಿಸುತ್ತವೆ. ಕೂಡಲೇ ಹೊಸ ರಿಮೋಟಿನ ಗುಂಡಿ ಒತ್ತಬೇಕು. ಮತ್ತೆ ಟಕ್ಕೆಂದರೆ ಪರಿಚಯವಾಯಿತೆಂದು ಅರ್ಥ. ಅದೇ ಕೂತಿನಲ್ಲಿ ಹಳೆಯ ರಿಮೋಟನ್ನೂ ಒತ್ತಿಬಿಡುವುದು ಕ್ಷೇಮ. ಏಕೆಂದರೆ ಕೆಲವು ಗಾಡಿಗಳು ಹೊಸ ನೆಂಟ ಬಂದೊಡನೆ ಹಳಬರನ್ನೆಲ್ಲ ಮರೆತುಬಿಡುತ್ತವೆ. ನಾನು ಮೊದಲೆರಡು ಸಲ ಲೆಕ್ಕ ತಪ್ಪಿದೆ. ಮೂರನೆಯ ಸಲ ಹಿಂದಿನ ಸೀಟಿನಲ್ಲಿ ಕುಳಿತ ಅಪ್ಪ, ಶಾಲೆಯಲ್ಲಿ ಕವಾಯತು ಮಾಡಿಸುವ ಧ್ವನಿಯಲ್ಲಿ ‘ಒಂದು, ಎರಡು, ಮೂರು’ ಎಂದು ಎಣಿಸಿಕೊಟ್ಟರು, ಬೀಗಗಳು ಟಕ್ಕೆಂದವು.

ಈ ಅನುಭವದಿಂದ ಕಲಿತ ಕೆಲವು ಮಾತುಗಳನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ.

ರಿಮೋಟು ಕೆಲಸ ಮಾಡದಿದ್ದರೆ ಮೊದಲು ಸೆಲ್ಲನ್ನು ಸಂಶಯಿಸಿರಿ. ಅದರ ಮೇಲೆ ‘ಸಿ.ಆರ್. 2032’ ಎಂದಿದ್ದರೆ 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ ಎಂದರ್ಥ. 2025 ಎಂಬುದು ಅಷ್ಟೇ ಅಗಲವಾದರೂ ತೆಳ್ಳಗಿನದು. ಇದ್ದ ಸಂಖ್ಯೆಯದನ್ನೇ ಹಾಕಬೇಕು. ತೆಗೆದ ಸೆಲ್ಲು ಮಕ್ಕಳ ಕೈಗೆ ಸಿಗಕೂಡದು. ಮಗು ಅದನ್ನು ನುಂಗಿದರೆ ಎರಡೇ ಗಂಟೆಗಳಲ್ಲಿ ಅನ್ನನಾಳ ಸುಡಬಹುದು. ಅಂತಹ ಸಂಶಯ ಬಂದರೂ ಸಾಕು, ತಡಮಾಡದೆ ಆಸ್ಪತ್ರೆಗೆ ಓಡತಕ್ಕದ್ದು.

ಕವಚ ಬದಲಿಸುವವರು ಮೂರು ವಸ್ತುಗಳನ್ನು ಎಣಿಸಿ ಸಾಗಿಸಬೇಕು: ಅಲಗು, ಹಲಗೆ, ಚೂರು. ಕೆಲವು ಗಾಡಿಗಳಲ್ಲಿ ಚೂರು ಹಲಗೆಗೇ ಅಂಟಿಕೊಂಡಿರುತ್ತದೆ, ಕೆಲವುಗಳಲ್ಲಿ ಕವಚದ ಗೂಡಿನಲ್ಲಿ ಬೇರೆಯಾಗಿರುತ್ತದೆ. ಬಾಗಿಲು ತೆರೆಯಿತೆಂದು ಸಂತೋಷಪಟ್ಟು ಕೂರಬೇಡಿರಿ. ಎಂಜಿನ್ ಚಾಲೂ ಆದ ಮೇಲೆಯೇ ಪರೀಕ್ಷೆ ಮುಗಿಯಿತು. ರಿಮೋಟನ್ನು ಅನೇಕ ಹಳೆಯ ಗಾಡಿಗಳಲ್ಲಿ ಮನೆಯಲ್ಲಿಯೇ ಹೊಂದಿಸಬಹುದು. ಆದರೆ ಇಮ್ಮೊಬಿಲೈಸರಿನ ಚೂರಿಗೆ ಬಹುಮಟ್ಟಿಗೆ ಯಂತ್ರವೂ ಬಲ್ಲವನೂ ಬೇಕು. ಎಲ್ಲವೂ ಕಳೆದ ಮೇಲೆ ಮಾಡಿಸುವುದಕ್ಕಿಂತ ಒಂದು ಕೈಯಲ್ಲಿರುವಾಗಲೇ ಇನ್ನೊಂದನ್ನು ಮಾಡಿಸುವುದು ಸುಲಭ, ಅಗ್ಗ.

ಹಳೆಯ ಗಾಡಿ ಕೊಳ್ಳುವವರು ಎರಡೂ ಕೀಲಿಕೈಗಳನ್ನು ಕೇಳಿ ಪಡೆಯಿರಿ. ಇಲ್ಲವೆಂದರೆ ಅದರ ಹೆಸರನ್ನು ಗಾಡಿಯ ನೆನಪಿನಿಂದ ಅಳಿಸಿರಿ. ಅಳಿಸಿದರೂ ಹಳೆಯ ಅಲಗು ಬಾಗಿಲನ್ನು ತೆರೆಯಬಲ್ಲದು, ಎಂಜಿನ್ನನ್ನು ಮಾತ್ರ ಚಾಲೂ ಮಾಡಲಾರದು; ಆದುದರಿಂದ ಗಾಡಿಯೊಳಗೆ ಬೆಲೆಯುಳ್ಳ ಸಾಮಾನು ಬಿಡದಿರುವುದು ಲೇಸು. ಕೀಲಿಕೈ ಕಳೆದರೆ ಪೋಲೀಸರಲ್ಲಿ ವರದಿ ಕೊಟ್ಟು ಅದರ ಪ್ರತಿ ಇಟ್ಟುಕೊಳ್ಳಿರಿ. ಗಾಡಿ ಕಳುವಾಗಿ ವಿಮೆಯ ಹಣ ಕೇಳಲು ಹೋದಾಗ ಕಂಪನಿಯವರು ಎರಡೂ ಕೀಲಿಕೈಗಳನ್ನು ಮುಂದಿಡಿರಿ ಎನ್ನುತ್ತಾರೆ.

ಹೊಸ ಕೀಲಿಕೈ ಬಂದ ಸಂಜೆ ಅಪ್ಪ ಆ ಕರಿಯ ಚೂರಿನ ವಿಷಯ ಕೇಳಿದರು. ಅದಕ್ಕೆ ಸೆಲ್ಲಿಲ್ಲ, ಸದ್ದಿಲ್ಲ, ಕೇಳಿದಾಗ ತನ್ನ ಗುರುತು ಹೇಳುವುದಷ್ಟೇ ಅದರ ಕೆಲಸವೆಂದು ತಿಳಿಸಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ‘ಅಂದ್ರ ಹಾಜರಿ ಹೇಳೂದು. ನಾನೂ ವಾರಕ್ಕ ಮೂರು ದಿನ ಮಾಡೂದು ಅದನ್ನs ಅಲ್ಲೇನು?’ ಎಂದು ನಕ್ಕರು. ನಾನೂ ನಕ್ಕೆ, ಆದರೆ ಆ ಶನಿವಾರದ 6 ಗಂಟೆ ನೆನಪಾಗಿ ನಗು ಪೂರ್ತಿ ಹೊರಗೆ ಬರಲಿಲ್ಲ.

ಈಗ ಒಂದು ಕೀಲಿಕೈ ನನ್ನಾಕೆಯ ಚೀಲದಲ್ಲಿದೆ. ಇನ್ನೊಂದು ದೇವರ ಗೂಡಿನ ಪಕ್ಕದ ಮೊಳೆಗೆ ತೂಗುತ್ತಿದೆ. ಸೋಮವಾರ, ಬುಧವಾರ, ಶುಕ್ರವಾರ ರಾತ್ರಿ ಮಲಗುವ ಮುನ್ನ ನಾನು ಕೆಳಗಿಳಿದು, ಮಳೆಯಿರಲಿ ಬಿಡಲಿ, ಮೋಟಾರನ್ನು ಒಮ್ಮೆ ಚಾಲೂ ಮಾಡಿ ನೋಡಿ ಬರುತ್ತೇನೆ.